ಹತ್ತು ತಂತಿ, ಒಂದು ಪಟ್ಟಿ

ಕೊಪ್ಪಳ ಸೀಮೆಯಲ್ಲಿ ಎದೆನೋವಿಗೆ ಮೊದಲು ಸಿಗುವ ಮದ್ದು ಸೋಡಾ. ಅದಕ್ಕೆ ಬಗ್ಗದಿದ್ದರೆ ಅಜವಾನ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಗ್ಯಾಸ್ ಗುಳಿಗೆ. ಗವಿಮಠದ ಜಾತ್ರೆಯ ದಾಸೋಹಕ್ಕೆ ಲಕ್ಷಗಟ್ಟಲೆ ಮಿರ್ಚಿ ಕರಿಯುವ ನಾಡಿದು. ಎದೆ ಉರಿದರೆ ಗುಮಾನಿ ಮಿರ್ಚಿಯ ಮೇಲೆ ಹೋಗುವುದು ಸಹಜ. ಹೀಗೆ ಗುಮಾನಿಯಲ್ಲೇ ಎರಡು ಮೂರು ತಾಸು ಕಳೆದ ಮೇಲೆ, ಬೆವರಿಗೆ ತೊಯ್ದ ಬನಿಯನ್ನಿನಲ್ಲಿ, ಮಗನ ಬೈಕಿನ ಹಿಂದೆ ಕೂತು ಮನುಷ್ಯ ಆಸ್ಪತ್ರೆಗೆ ಬರುತ್ತಾನೆ. ಅಲ್ಲಿ ಅವನಿಗೆ ಮೊದಲು ಸಿಗುವವರು ಹೃದ್ರೋಗ ತಜ್ಞರಲ್ಲ, ಅಕ್ಕಾರು.

ನಾನು ಹೋದದ್ದು ಸರ್ಕಾರದ ಹೃದಯ ಜ್ಯೋತಿ ಯೋಜನೆಯ ಬಗ್ಗೆ ಬರೆಯಲು. ಅದರ ಕರಪತ್ರ ಕೈಯಲ್ಲಿತ್ತು. ಆದರೆ ಇಸಿಜಿ ಕೋಣೆಯ ಪರದೆಯ ಆಚೆಯಿಂದ ಕೇಳಿದ ಒಂದು ಮಾತು ಕರಪತ್ರವನ್ನು ಮಡಚಿ ಜೇಬಿಗಿಡುವಂತೆ ಮಾಡಿತು: "ಉಣ್ಣೋ ಕೈಗೆ ಕುಂಕುಮ, ಎಡಗೈಗೆ ಅರಿಷಿಣ. ಅರಿಷಿಣದ ಕೆಳಗ ಹಸರು, ಕುಂಕುಮದ ಕೆಳಗ ಕಪ್ಪು. ತಿಳೀತಿಲ್ಲೋ?" ನರ್ಸಿಂಗ್ ಓದುವ ಹುಡುಗಿಯೊಬ್ಬಳಿಗೆ ನಡೆಯುತ್ತಿದ್ದ ಪಾಠವದು. ಕೈಕಾಲಿಗೆ ಹಾಕುವ ನಾಲ್ಕು ಕ್ಲಿಪ್ಪುಗಳ ಬಣ್ಣ ಕೆಂಪು, ಹಳದಿ, ಹಸಿರು, ಕಪ್ಪು. ಕೆಂಪು, ಹಳದಿ ಅದಲು ಬದಲಾದರೆ ಇಸಿಜಿ ಪಟ್ಟಿಯ ಮೊದಲ ಸಾಲೇ ತಲೆಕೆಳಗಾಗಿ ಬರುತ್ತದೆ. ನೋಡಿದ ಡಾಕ್ಟರು ಈ ಮನುಷ್ಯನ ಹೃದಯ ಬಲಗಡೆ ಇದೆಯೇ ಎಂದು ತಬ್ಬಿಬ್ಬಾಗುತ್ತಾರೆ.

ಅಕ್ಕಾರು ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವರು. ಹುಟ್ಟಿದ್ದು ಯಲಬುರ್ಗಾ ತಾಲ್ಲೂಕಿನ ಎರೆಹೊಲದ ಊರೊಂದರಲ್ಲಿ. "ಹೆಸರ ಬರದ್ರ ಮ್ಯಾಲಿನವ್ರು ನಾಳೆ ಕರದು ಕೇಳ್ತಾರ್ರೀ, ಬ್ಯಾಡ" ಎಂದರು. ಹಾಗಾಗಿ ಇಲ್ಲಿ ಅಕ್ಕಾರು ಎಂದೇ ಇರಲಿ. ರೋಗಿಗಳು ಹಾಗೇ ಕರೆಯುತ್ತಾರೆ, ಡ್ಯೂಟಿ ಡಾಕ್ಟರೂ ಹಾಗೇ ಕರೆಯುತ್ತಾರೆ.

ಇಸಿಜಿ ಎಂದರೆ ಯಂತ್ರದ ಕೆಲಸ, ಗುಂಡಿ ಒತ್ತಿದರೆ ಪಟ್ಟಿ ಬರುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅಕ್ಕಾರ ಬೆರಳು ನೋಡಿದರೆ ಹಾಗನ್ನಿಸುವುದಿಲ್ಲ. ಕತ್ತಿನ ಬುಡದ ಕುಳಿಯಿಂದ ಎದೆಮೂಳೆಯ ಮೇಲೆ ಬೆರಳು ಕೆಳಗಿಳಿಯುತ್ತದೆ. ಒಂದು ಸಣ್ಣ ಉಬ್ಬು ಸಿಗುತ್ತದೆ. ಎರಡನೇ ಪಕ್ಕೆಲುಬು ಬಂದು ಕೂಡುವ ಜಾಗ ಅದು. ಅಲ್ಲಿಂದ ಎಣಿಕೆ. ನಾಲ್ಕನೇ ಸಂದಿನಲ್ಲಿ, ಎದೆಮೂಳೆಯ ಬಲಕ್ಕೊಂದು, ಎಡಕ್ಕೊಂದು ರಬ್ಬರ್ ಬುರುಡೆ. ಐದನೇ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ ಇನ್ನೊಂದು. ಇದಕ್ಕೂ ಎದೆಮೂಳೆಯ ಎಡದ್ದಕ್ಕೂ ಮಧ್ಯೆ ಒಂದು, ಮಿಕ್ಕ ಎರಡು ಕಂಕುಳ ಕಡೆಗೆ ಅದೇ ಮಟ್ಟದಲ್ಲಿ. ಎದೆಗೆ ಆರು, ಕೈಕಾಲಿಗೆ ನಾಲ್ಕು, ಒಟ್ಟು ಹತ್ತು ತಂತಿ. ಈ ಹತ್ತರಿಂದ ಯಂತ್ರ ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡುತ್ತದೆ. ಒಂದು ಪಕ್ಕೆಲುಬಿನಷ್ಟು ಮೇಲೆ ಅಂಟಿಸಿದರೂ ಆಗದ ಹೃದಯಾಘಾತ ಆಗಿ ಹೋದಂತೆ ಪಟ್ಟಿ ಸುಳ್ಳು ಹೇಳಬಲ್ಲದು.

ಹೆಂಗಸರಲ್ಲಿ ಈ ತಪ್ಪು ಹೆಚ್ಚು. ನಾಚಿಕೆ ರೋಗಿಗಷ್ಟೇ ಅಲ್ಲ, ಎಷ್ಟೋ ಸಲ ಇಸಿಜಿ ತೆಗೆಯುವವರಿಗೂ. ಕುಪ್ಪಸ ಸರಿಸದೆ ಸಿಕ್ಕಷ್ಟು ಜಾಗದಲ್ಲೇ ಬುರುಡೆಗಳನ್ನು ಮೇಲೆ ಮೇಲೆ ಒತ್ತಿ ಕೆಲಸ ಮುಗಿಸುವುದುಂಟು. ಅಕ್ಕಾರು ಮೊದಲು ಗಂಡಸರನ್ನು ಹೊರಗೆ ಕಳಿಸುತ್ತಾರೆ, ಪರದೆ ಎಳೆಯುತ್ತಾರೆ, ಕೊರಳಿಗೆ ಒಂದು ಚಾದರ ಹೊದಿಸಿ ಅದರ ಕೆಳಗಿನಿಂದಲೇ ಕೈ ಆಡಿಸುತ್ತಾರೆ. "ತಾಳಿ ತೆಗಿಯೂದು ಬ್ಯಾಡವ್ವ, ಹಿಂದಕ್ಕ ಸರಿಸ್ಕೋ ಸಾಕು. ಬಳಿ ಒಂದೀಟು ಮ್ಯಾಲ ಏರಿಸ್ಕೋ." ಇಷ್ಟು ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ನನ್ನ ಪ್ರಕಾರ ಸರ್ಕಾರಿ ತರಬೇತಿಯ ಪುಸ್ತಕದಲ್ಲಿ ಈ ಅರ್ಧ ನಿಮಿಷಕ್ಕೇ ಒಂದು ಅಧ್ಯಾಯ ಬೇಕು.

ಇನ್ನು ನಡುಕ. ಹೆದರಿದ ಮನುಷ್ಯನ ತೋಳಿನ ಸ್ನಾಯು ಅದುರುತ್ತಿದ್ದರೆ ಯಂತ್ರ ಅದನ್ನೂ ಬರೆದುಬಿಡುತ್ತದೆ, ಗೆರೆಯೆಲ್ಲ ಗರಗಸವಾಗುತ್ತದೆ. ತಂತಿಯ ಹತ್ತಿರವೇ ಕರೆಂಟಿನ ವೈರು ಹಾದಿದ್ದರೆ ಸೆಕೆಂಡಿಗೆ ಐವತ್ತು ಸಲದ ಸಣ್ಣ ಕಂಪನ ಬೇರೆ. "ಸುಮ್ನ ಮಲಗು ಅಂದ್ರ ಜಾಸ್ತಿ ನಡಗ್ತಾರ್ರೀ. ಮಾತಾಡ್ಸಬೇಕು." ಹಾಗಾಗಿ ಜೋಳ ಎಷ್ಟು ಚೀಲ ಆಯಿತು, ಮಗಳನ್ನು ಎಲ್ಲಿಗೆ ಕೊಟ್ಟೀರಿ ಎಂದೆಲ್ಲ ವಿಚಾರಣೆ ನಡೆಯುತ್ತದೆ. ಮೈ ಸಡಿಲಾಯಿತು ಎನ್ನಿಸಿದ ಕ್ಷಣ, "ಈಗ ಒಂದೀಟು ಮಾತು ನಿಲ್ಸು ಯಪ್ಪಾ" ಎಂದು ಗುಂಡಿ ಒತ್ತುತ್ತಾರೆ.

ಪಟ್ಟಿ ಸೆಕೆಂಡಿಗೆ 25 ಮಿಲಿಮೀಟರಿನಂತೆ ಸರಿಯುತ್ತದೆ. ಅದರ ಮೇಲಿನ ದೊಡ್ಡ ಚೌಕವೊಂದಕ್ಕೆ ಸೆಕೆಂಡಿನ ಐದನೇ ಒಂದು ಪಾಲು. ಎರಡು ಎತ್ತರದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅದರಿಂದ 300ನ್ನು ಭಾಗಿಸಿದರೆ ನಿಮಿಷಕ್ಕೆ ಎಷ್ಟು ಬಡಿತ ಎಂದು ಸಿಗುತ್ತದೆ. ಅಕ್ಕಾರು ಈ ಲೆಕ್ಕವನ್ನು ಪಟ್ಟಿ ಹರಿಯುವ ಮೊದಲೇ ಮುಗಿಸಿರುತ್ತಾರೆ.

ಆ ಗೆರೆ ಹೇಳುವುದಾದರೂ ಏನು? ಹೃದಯದಲ್ಲಿ ನಾಲ್ಕು ಕೋಣೆ. ಬಲಗಡೆಯವು ಮೈಯಿಂದ ಬಂದ ರಕ್ತವನ್ನು ಪುಪ್ಪುಸಕ್ಕೆ ನೂಕುತ್ತವೆ, ಎಡಗಡೆಯವು ಅಲ್ಲಿಂದ ಆಮ್ಲಜನಕ ಹೊತ್ತು ಮರಳಿದ್ದನ್ನು ಮೈಗೆಲ್ಲ ಕಳಿಸುತ್ತವೆ. ನಿಮಿಷಕ್ಕೆ ಸುಮಾರು ಐದು ಲೀಟರ್, ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಪ್ರತಿ ಬಡಿತದ ಅಪ್ಪಣೆ ಹೊರಡುವುದು ಬಲ ಮೇಲ್ಕೋಣೆಯ ನೆತ್ತಿಯ ಮೇಲಿನ ಒಂದು ಚಿಕ್ಕ ಗುಂಪು ಕೋಶಗಳಿಂದ. ವಿದ್ಯುತ್ತು ಮೇಲ್ಕೋಣೆಗಳಲ್ಲಿ ಹರಡುತ್ತದೆ. ಪಟ್ಟಿಯಲ್ಲಿ ಸಣ್ಣ ಗುಡ್ಡ. ನಡುವಿನ ಗಂಟಿನಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ತಡೆಯುತ್ತದೆ, ಅಷ್ಟರಲ್ಲಿ ಕೆಳಕೋಣೆಗಳು ತುಂಬಿಕೊಳ್ಳುತ್ತವೆ. ಆಮೇಲೆ ಕೆಳಕೋಣೆಗಳಿಗೆ ನುಗ್ಗುತ್ತದೆ; ಎತ್ತರದ ಮೊನೆ. ಕೊನೆಯ ದುಂಡು ಗುಡ್ಡ, ಕೆಳಕೋಣೆಗಳು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾದ ಗುರುತು.

ಮೈಗೆಲ್ಲ ರಕ್ತ ಹಂಚುವ ಹೃದಯ ತನ್ನ ಕೋಣೆಯೊಳಗಿನ ರಕ್ತವನ್ನು ನೇರವಾಗಿ ಕುಡಿಯಲಾರದು. ಅದರ ಮಾಂಸಕ್ಕೆ ಬೇರೆಯೇ ನಾಳಗಳಿವೆ, ಮಹಾಧಮನಿಯ ಬುಡದಲ್ಲಿ ಹುಟ್ಟಿ ಹೊರಮೈ ಬಳಸಿ ಬರುವ ಕರೊನರಿ ನಾಳಗಳು. ಗಂಗಾವತಿಯವರಿಗೆ ಇದನ್ನು ವಿವರಿಸುವುದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದಲ್ಲಿ ನೀರು ಕಟ್ಟಿಕೊಂಡರೆ ಕೊನೇ ಭಾಗದ ಗದ್ದೆ ಒಣಗುತ್ತದೆ. ನಾಳದಲ್ಲಿ ಕೊಬ್ಬಿನ ಗಂಟು ಒಡೆದು ರಕ್ತ ಹೆಪ್ಪುಗಟ್ಟಿದಾಗ ಅದರಾಚೆಯ ಮಾಂಸಕ್ಕೆ ಆಗುವುದೂ ಅದೇ. ಗದ್ದೆಗೆ ನಾಲ್ಕು ದಿನದ ತಾಳಿಕೆಯಾದರೂ ಇದೆ. ಹೃದಯದ ಮಾಂಸ ಅರ್ಧ ತಾಸಿನೊಳಗೆ ಸಾಯತೊಡಗುತ್ತದೆ. ನಾಳ ಪೂರ್ತಿ ಮುಚ್ಚಿದಾಗ ಪಟ್ಟಿಯಲ್ಲಿ ಮೊನೆಗೂ ಕೊನೆಯ ಗುಡ್ಡಕ್ಕೂ ನಡುವಿನ ಸಮತಟ್ಟು ಗೆರೆ ಮೇಲಕ್ಕೆದ್ದು ನಿಲ್ಲುತ್ತದೆ. ಅಕ್ಕಾರು ಡಾಕ್ಟರ ಕೋಣೆಗೆ ಓಡುವುದು ಆಗ ಮಾತ್ರ. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಜಗತ್ತಿನೆಲ್ಲೆಡೆ ಒಪ್ಪಿಕೊಂಡ ನಿಯಮ.

ಈ ಯಂತ್ರದ ಹಿರಿಯಜ್ಜ ನೆದರ್ಲೆಂಡಿನ ಲೈಡನ್ ಊರಿನದು. ವಿಲ್ಲೆಮ್ ಐಂಥೋವನ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ ಅದು ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ನನಗೆ ಖುಷಿ ಕೊಟ್ಟ ಸಂಗತಿ ಇನ್ನೊಂದು: ಆ ಯಂತ್ರವನ್ನು ಆಸ್ಪತ್ರೆಗೆ ಸಾಗಿಸುವಂತಿರಲಿಲ್ಲ. ಆದ್ದರಿಂದ 1905ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿ ಎಳೆದು, ರೋಗಿಯ ಹೃದಯದ ಗೆರೆಯನ್ನು ಪ್ರಯೋಗಾಲಯದಲ್ಲೇ ಕೂತು ಬರೆಸಿಕೊಂಡರು. 1924ರಲ್ಲಿ ನೊಬೆಲ್ ಬಂತು. ಗೆರೆಯ ಏರಿಳಿತಗಳಿಗೆ ಇವತ್ತಿಗೂ ಅವರಿಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳೇ.

ನೂರಿಪ್ಪತ್ತು ವರ್ಷದ ಹಿಂದಿನ ಆ ಉಪಾಯವೇ ಈಗ ಹೃದಯ ಜ್ಯೋತಿ ಎಂಬ ಹೆಸರಿನಲ್ಲಿ ನಮ್ಮಲ್ಲಿಗೆ ಬಂದಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದರು. ಆಮೇಲಿನ ವಾರಗಳಲ್ಲಿ ಎದೆ ತೋರಿಸಿಕೊಳ್ಳಲು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಜನ ಸಾಲು ಹಚ್ಚಿದ್ದು ಎಲ್ಲರಿಗೂ ನೆನಪಿದೆ. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ತಂದ ಯೋಜನೆಯಿದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ನಿಮಿಷಗಳಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಕಣ್ಣಿಗೆ ಬೀಳುತ್ತದೆ. ಹೌದು, ಇದು ಹೃದಯಾಘಾತವೇ ಎಂದು ಅತ್ತಲಿಂದ ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಲ್ಲೇ ಸಿಗಬೇಕು, ಪುಕ್ಕಟೆಯಾಗಿ. ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಕೊಡುವ ಮೊದಲು ಡಾಕ್ಟರು ಹಿಂದೆ ಲಕ್ವ ಹೊಡೆದಿತ್ತೇ, ಎಲ್ಲಾದರೂ ರಕ್ತಸ್ರಾವವಿದೆಯೇ ಎಂದು ಕೇಳಿಕೊಳ್ಳುತ್ತಾರೆ. ಹೆಪ್ಪು ಕರಗಿಸುವ ಮದ್ದು ಮೆದುಳಿನಲ್ಲೂ ರಕ್ತ ಸುರಿಸಬಹುದು. ಆಮೇಲೆ ರೋಗಿ 108ರಲ್ಲಿ ಆಂಜಿಯೋಗ್ರಾಂ ಇರುವ ಊರಿಗೆ ಹೊರಡುತ್ತಾನೆ.

ಆ ಊರುಗಳು ದೂರ. ಕುಷ್ಟಗಿಯವರು ಬಾಗಲಕೋಟೆಯತ್ತ, ಗಂಗಾವತಿಯವರು ಬಳ್ಳಾರಿಯತ್ತ, ಕೊಪ್ಪಳ, ಯಲಬುರ್ಗಾದವರು ಗದಗ ದಾಟಿ ಹುಬ್ಬಳ್ಳಿಯತ್ತ ಓಡುವುದು ರೂಢಿ. ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಜಿಲ್ಲೆಯಾಯಿತು, 2015ರಲ್ಲಿ ಇಲ್ಲಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಅಷ್ಟಾದರೂ ಇಲ್ಲಿಯ ಜನರ ಬಾಯಲ್ಲಿ ಎದೆನೋವು ಎಂದರೆ ಹುಬ್ಬಳ್ಳಿಯೇ.

ಮಿಕ್ಕ ಪರೀಕ್ಷೆಗಳನ್ನೂ ಹೇಳಿಬಿಡಬೇಕು, ಯಾಕೆಂದರೆ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಎಂದಲ್ಲ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಏದುಸಿರು, ವಾಂತಿ, ಬೆವರು ಕಾಣಬಹುದು. ಹೃದಯದ ಮಾಂಸ ಸತ್ತಾಗ ಟ್ರೋಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಅದು ಏರಲು ಕೆಲವು ತಾಸು ಹಿಡಿಯುವುದರಿಂದ ಒಮ್ಮೆ ನೋಡಿ ಬಿಡುವಂತಿಲ್ಲ, ಮತ್ತೆ ನೋಡಬೇಕು. ಎಕೋ ಎಂಬುದು ಶಬ್ದದ ಅಲೆಯಿಂದ ಬಡಿಯುವ ಹೃದಯವನ್ನೇ ಪರದೆಯ ಮೇಲೆ ತೋರಿಸುವ ಯಂತ್ರ. ಲೋಹದ ಒಳಬಿರುಕು ಹುಡುಕುವ ಉಪಕರಣವನ್ನು ಎರವಲು ತಂದು 1953ರಲ್ಲಿ ಸ್ವೀಡನ್ನಿನ ಎಡ್ಲರ್, ಹರ್ಟ್ಸ್ ಎಂಬಿಬ್ಬರು ಶುರುಮಾಡಿದ್ದು. ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವುದರ ಅರ್ಧಕ್ಕಿಂತ ಹೆಚ್ಚನ್ನು ಹೊರಹಾಕುತ್ತಿದೆಯೇ ಎಂದು ಅದರಲ್ಲಿ ಅಳೆಯುತ್ತಾರೆ. ಟ್ರೆಡ್‌ಮಿಲ್ಲು ನಡೆಸಿ ನೋಡುವ ಪರೀಕ್ಷೆ, ಆಂಜಿಯೋಗ್ರಾಂ ನಾಳದೊಳಗೆ ಬಣ್ಣ ಹಾಯಿಸಿ ನೋಡುವ ಪರೀಕ್ಷೆ.

ಇವೆಲ್ಲಕ್ಕಿಂತ ಹಳೆಯ, 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದ ಸುರುಳಿ ಸುತ್ತಿ ಶುರುಮಾಡಿದ ಸ್ಟೆತಾಸ್ಕೋಪು ಈ ಸೀಮೆಯಲ್ಲಿ ಇನ್ನೂ ಕೆಲಸ ಕಳೆದುಕೊಂಡಿಲ್ಲ. ಚಿಕ್ಕಂದಿನಲ್ಲಿ ಗಂಟಲುನೋವು, ಆಮೇಲೆ ಕೀಲುನೋವಿನ ಜ್ವರ. ಅದು ವಾಸಿಯಾಗಿ ಮರೆತೂ ಹೋದ ಮೇಲೆ, ಬಸುರಿಯಾದಾಗ ಮೆಟ್ಟಿಲು ಹತ್ತಲಾರದ ಏದುಸಿರು. ಸಂಧಿವಾತದ ಜ್ವರ ಹೃದಯದ ಕವಾಟವನ್ನು ದಪ್ಪಗಾಗಿಸಿ ಕಿರಿದು ಮಾಡಿರುತ್ತದೆ, ಅದರ ಸದ್ದು ಸ್ಟೆತಾಸ್ಕೋಪಿಗೆ ಸಿಗುತ್ತದೆ. ಬಡವರ ಮನೆಯ, ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಮನೆಯ ಕಾಯಿಲೆಯಿದು. ಬೇಗ ಗುರುತು ಸಿಕ್ಕರೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಂಡು ವರ್ಷಗಟ್ಟಲೆ ಅದನ್ನು ತಡೆಯಬಹುದು. "ಸೂಜಿ ಬ್ಯಾನಿ ಆಕ್ಕೈತಿ ಅಂತ ಬಿಟ್ಟುಬಿಡ್ತಾವ್ರೀ ಹುಡುಗ್ರು" ಎನ್ನುತ್ತಾರೆ ಅಕ್ಕಾರು. ಹಾಗೆ ಬಿಟ್ಟವರ ಪಟ್ಟಿಯನ್ನು ವರ್ಷಗಳ ನಂತರ ಅವರೇ ತೆಗೆದಿದ್ದಾರೆ.

ಅಕ್ಕಾರ ದೊಡ್ಡ ತಕರಾರು ಕಾಗದದ ಬಗ್ಗೆ. ಇಸಿಜಿ ಪಟ್ಟಿ ಶಾಖಕ್ಕೆ ಕಪ್ಪಾಗುವ ಕಾಗದ. ಬೇಸಿಗೆಯಲ್ಲಿ ಪತ್ರಾಸಿನ ಮನೆಯ ಗೂಡಿನಲ್ಲಿ, ರೇಷನ್ ಕಾರ್ಡಿನ ಜತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಪಟ್ಟಿ ವರ್ಷ ಒಪ್ಪತ್ತಿನಲ್ಲಿ ಬಿಳಿಚಿಕೊಳ್ಳುತ್ತದೆ. ಮತ್ತೆ ಎದೆ ನೋವೆಂದು ಬಂದಾಗ ಹಳೆಯದರ ಜತೆ ಹೋಲಿಸಿ ನೋಡಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ, ಆದರೆ ಹೋಲಿಸಲು ಏನೂ ಇರುವುದಿಲ್ಲ. ಕುಷ್ಟಗಿ ಕಡೆಯ ರೈತರೊಬ್ಬರು ಜೋಪಾನವಾಗಿರಲಿ ಎಂದು ಪಟ್ಟಿಯನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದರಂತೆ. ಲ್ಯಾಮಿನೇಷನ್ನಿನ ಬಿಸಿಗೆ ಇಡೀ ಪಟ್ಟಿ ಕಾಡಿಗೆಯಂತೆ ಕಪ್ಪಾಗಿತ್ತು. "ಬೈಯಾಕ ಮನಸಾಗಲಿಲ್ರೀ" ಎಂದರು ಅಕ್ಕಾರು. ಅಂದಿನಿಂದ ಪ್ರತಿ ರೋಗಿಗೂ ಹೊರಗಿನ ಝೆರಾಕ್ಸ್ ಅಂಗಡಿ ತೋರಿಸಿ, "ಮೊದ್ಲ ಒಂದ ಝೆರಾಕ್ಸ್ ತೆಗಸ್ರಿ, ಆಮ್ಯಾಲ ಚಾ ಕುಡೀರಿ" ಎಂದು ಕಳಿಸುತ್ತಾರೆ.

ಯಂತ್ರಗಳು ಬಂದಿವೆ, ಇನ್ನೂ ಬರುತ್ತವೆ. ಅವನ್ನು ಹಚ್ಚುವ ಕೈಗಳ ಲೆಕ್ಕ ಮಾತ್ರ ಯಾರ ಭಾಷಣದಲ್ಲೂ ಕೇಳಿಬರುವುದಿಲ್ಲ. ಇಸಿಜಿಯವರು ಇಲ್ಲದ ರಾತ್ರಿ ಪಾಳಿಯಲ್ಲಿ ಯಾರು ಸಿಕ್ಕರೆ ಅವರು ತಂತಿ ಹಚ್ಚುತ್ತಾರೆ. ಹೀಗೆ ತೆಗೆದ ಪಟ್ಟಿ ನೂರಾರು ಕಿಲೋಮೀಟರ್ ದಾಟಿ ತಜ್ಞರ ಮುಂದೆ ಮೂಡಿದರೂ ಅಲ್ಲಿ ಕಾಣುವುದು ನಡುಕವೇ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು, ಅಲ್ಲಿಂದ ನೇರ ಹುಬ್ಬಳ್ಳಿಗೆ. ಸ್ಟೆಂಟ್ ಹಾಕಿಸಿಕೊಂಡವರು ಈಗ ಝೆರಾಕ್ಸು ಕೈಯಲ್ಲಿ ಹಿಡಿದು ಅದೇ ಗಾಡಿಯಲ್ಲಿ ತಪಾಸಣೆಗೆ ಹೋಗಿ ಬರುತ್ತಾರೆ. ಕುಂಕುಮ, ಅರಿಷಿಣದ ಪಾಠ ಕೇಳುತ್ತಿದ್ದ ಹುಡುಗಿಯೂ ಕೋರ್ಸು ಮುಗಿಸಿ ಆ ಗಾಡಿಯನ್ನೇ ಹತ್ತುವವಳು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಗಟ್ಟಿಯಾಗಿದೆ, ಇಲ್ಲಿಯ ಗುತ್ತಿಗೆ ಸಂಬಳಕ್ಕಿಂತ ಹೆಚ್ಚು ಕೊಡುತ್ತಾರಂತೆ. ಅಕ್ಕಾರಿಗೆ ನಿವೃತ್ತಿ ಹತ್ತಿರವಿದೆ. ಕಲಿಸಿದವರೆಲ್ಲ ಹೀಗೆ ಹೋಗಿಬಿಟ್ಟರೆ ಇಲ್ಲಿ ಹೇಗೆ ಎಂದು ಕೇಳಿದೆ. ಅವರು ಕ್ಲಿಪ್ಪುಗಳ ಮೇಲಿನ ಜೆಲ್ಲಿ ಒರೆಸುತ್ತಿದ್ದರು.

"ಹೋಗ್ಲಿ ಬಿಡ್ರೀ. ಅಲ್ಲೀಗೂ ನಮ್ಮ ಮಂದೀನ ಹೋಗ್ತಾರಲ್ರೀ."