ಗರಗಸದ ಕೆಳಗೆ ಮಲಗಿದವಳ ಹೆಸರೇನು?

1956ರ ಏಪ್ರಿಲ್ 9, ಸೋಮವಾರ ರಾತ್ರಿ. ಬಿಬಿಸಿಯ 'ಪನೋರಮಾ' ನೇರ ಪ್ರಸಾರದಲ್ಲಿದೆ. ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಹದಿನೇಳರ ಹುಡುಗಿಯೊಬ್ಬಳನ್ನು ಮೇಜಿನ ಮೇಲೆ ಮಲಗಿಸಿ, ವಿದ್ಯುತ್ ಗರಗಸದಿಂದ ಎರಡು ತುಂಡು ಮಾಡಿದರು. ಆಮೇಲೆ ಎಬ್ಬಿಸೋಕೆ ನೋಡಿದರು. ಅವಳು ಏಳಲಿಲ್ಲ. ಸರ್ಕಾರ್ ಅವಳ ಮುಖಕ್ಕೆ ಬಟ್ಟೆ ಮುಚ್ಚಿದರು. ನಿರೂಪಕ ರಿಚರ್ಡ್ ಡಿಂಬಲ್‌ಬಿ ಕ್ಯಾಮೆರಾಗೆ ಅಡ್ಡ ಬಂದು ಶುಭರಾತ್ರಿ ಹೇಳಿಬಿಟ್ಟರು.

ಬಿಬಿಸಿಗೆ ಫೋನಿನ ಮೇಲೆ ಫೋನು. 'ಹುಡುಗಿ ಸತ್ತಳಾ?' ಅನ್ನೋದೇ ಎಲ್ಲರ ಪ್ರಶ್ನೆ. ಸಮಯ ಮುಗಿದಿತ್ತು, ಅಷ್ಟೇ ಅಂತ ಬಿಬಿಸಿ ಹೇಳಿತು. ಮರುದಿನದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರ್‌ನಲ್ಲಿ ಸರ್ಕಾರ್ ಪ್ರದರ್ಶನಗಳ ಟಿಕೆಟ್ ಖಾಲಿ.

ಇದನ್ನು ಇವತ್ತಿಗೂ ಸರ್ಕಾರ್ ಅವರ ಪ್ರಚಾರದ ಚಾಣಾಕ್ಷತನ ಅಂತಲೇ ಹೇಳುತ್ತಾರೆ. ನಿಜ. ಆದರೆ ಆ ರಾತ್ರಿ ಬ್ರಿಟನ್ ಬೆಚ್ಚಿಬಿದ್ದಿದ್ದು ಹುಡುಗಿ ಅಲುಗಾಡದೆ ಮಲಗಿದ್ದಕ್ಕೆ. ಅವಳ ಹೆಸರು ದೀಪ್ತಿ ಡೇ.

ಪೆಟ್ಟಿಗೆ ಹುಟ್ಟಿದ ಕಾಲ

ಹೆಣ್ಣನ್ನು ಗರಗಸದಿಂದ ಕೊಯ್ಯುವ ಜಾದೂವನ್ನು ಪಿ.ಟಿ. ಸೆಲ್ಬಿಟ್ ಲಂಡನ್ನಿನಲ್ಲಿ ಸಾರ್ವಜನಿಕರ ಮುಂದೆ ಮಾಡಿದ್ದು 1921ರ ಜನವರಿಯಲ್ಲಿ. ಬ್ರಿಟನ್ನಿನಲ್ಲಿ ಹೆಂಗಸರ ಒಂದು ಭಾಗಕ್ಕೆ ಮತದಾನದ ಹಕ್ಕು ಸಿಕ್ಕಿ ಆಗಿನ್ನೂ ಮೂರು ವರ್ಷ. ಮತದಾನದ ಹಕ್ಕಿಗಾಗಿ ಹೋರಾಡಿದ್ದ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಅವರಿಗೇ ಪೆಟ್ಟಿಗೆಯೊಳಗೆ ಮಲಗುವ ಕೆಲಸ ಕೊಡುವುದಾಗಿ ಸೆಲ್ಬಿಟ್ ಹೇಳಿದ್ದ. ಅವರು ಒಪ್ಪಲಿಲ್ಲ. ರಾಜಕೀಯ ಬೇರೆ, ಮನರಂಜನೆ ಬೇರೆ ಅನ್ನುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಅಮೆರಿಕದಲ್ಲಿ ಹೊರೇಸ್ ಗೋಲ್ಡಿನ್ ತನ್ನದೇ ಮಾದರಿಗೆ 1923ರಲ್ಲಿ ಪೇಟೆಂಟ್ ಪಡೆದ. ಮುಂದೆ ಸಿಗರೇಟ್ ಕಂಪನಿಯೊಂದು ಜಾಹೀರಾತಿನಲ್ಲಿ ಅದರ ಗುಟ್ಟು ಬಿಚ್ಚಿಟ್ಟಾಗ ಕೋರ್ಟಿಗೆ ಹೋಗಿ ಸೋತ. ಪೇಟೆಂಟ್ ಅಂದರೇನೇ ಗುಟ್ಟನ್ನು ಬರೆದು ಎಲ್ಲರ ಮುಂದಿಡುವುದು ತಾನೇ? ಇಲ್ಲಿ ಇನ್ನೊಂದು ಮಾತಿದೆ. ಪೇಟೆಂಟ್ ಸಿಕ್ಕಿದ್ದು ಉಪಕರಣಕ್ಕೆ. ಅದರೊಳಗೆ ಮೈ ಮಡಚಿ ಕೂರುವ ವಿದ್ಯೆಗೆ ಯಾವ ಕಾಗದವೂ ಇಲ್ಲ.

ಕೆಲಸ ಮಾಡೋದು ಯಾರು?

ರಾಬರ್ಟ್ ಹಾರ್ಬಿನ್ 1965ರಲ್ಲಿ ರೂಪಿಸಿದ 'ಜಿಗ್‌ಜ್ಯಾಗ್ ಗರ್ಲ್' ನೋಡಿ. ನಿಂತ ಪೆಟ್ಟಿಗೆಯೊಳಗೆ ಹುಡುಗಿ. ಎರಡು ಅಲಗು ತೂರಿಸಿ ನಡುವಿನ ಭಾಗವನ್ನು ಪಕ್ಕಕ್ಕೆ ತಳ್ಳುತ್ತಾರೆ. ಕಾಣುವ ಮುಖ, ಕೈ, ಪಾದ ಎಲ್ಲಾ ನಿಜಕ್ಕೂ ಅವಳದ್ದೇ. ಪೆಟ್ಟಿಗೆಯ ಬಣ್ಣ ಮತ್ತು ಪಟ್ಟೆಗಳು ಅದನ್ನು ಇರುವುದಕ್ಕಿಂತ ಕಿರಿದಾಗಿ ತೋರಿಸುತ್ತವೆ. ಉಳಿದದ್ದನ್ನೆಲ್ಲ ಅವಳೇ ಮಾಡಬೇಕು: ಇರುವ ಇಷ್ಟೇ ಜಾಗದಲ್ಲಿ ಮೈ ಹಿಂಡಿಕೊಂಡು, ಸರಿಯಾದ ಕ್ಷಣಕ್ಕೆ ಕೈಯಾಡಿಸಿ, ಮುಖದಲ್ಲಿ ನಗು ಮಾಸದಂತೆ ನಿಲ್ಲುವುದು. ಜಾದೂಗಾರ ಅಲಗು ಎತ್ತಿ ತೋರಿಸುತ್ತಾನೆ, ಬಾಗಿಲು ತೆಗೆದು ಹಾಕುತ್ತಾನೆ. ಚಪ್ಪಾಳೆ ಅವನಿಗೆ.

ಟಿವಿ ಏನು ಬದಲಿಸಿತು?

ರಂಗಮಂದಿರದಲ್ಲಿ ಎಲ್ಲಿ ನೋಡಬೇಕು ಅನ್ನೋದು ಪ್ರೇಕ್ಷಕರ ಕೈಲಿರುತ್ತೆ. ಟಿವಿಯಲ್ಲಿ ಅದನ್ನು ಕ್ಯಾಮೆರಾ ತೀರ್ಮಾನಿಸುತ್ತೆ. ಹಾಗಾಗಿ 'ಇದೆಲ್ಲ ಎಡಿಟಿಂಗ್' ಅನ್ನುವ ಅನುಮಾನವೇ ಜಾದೂಗಾರನ ದೊಡ್ಡ ಶತ್ರುವಾಯಿತು. 1960ರಲ್ಲಿ ಸಿಬಿಎಸ್‌ನಲ್ಲಿ ಶುರುವಾದ ಸರಣಿಯಲ್ಲಿ ಮಾರ್ಕ್ ವಿಲ್ಸನ್ ಇದಕ್ಕೆ ಕಂಡುಕೊಂಡ ದಾರಿ: ಎದುರಿಗೆ ನಿಜವಾದ ಪ್ರೇಕ್ಷಕರು, ಜಾದೂ ನಡೆಯುವಾಗ ಕ್ಯಾಮೆರಾ ಬೇರೆಡೆಗೆ ಹೊರಳುವಂತಿಲ್ಲ. ಅಂದರೆ ಪೆಟ್ಟಿಗೆಯೊಳಗಿನವರ ಒಂದು ಸಣ್ಣ ತಪ್ಪಿಗೂ ಮಾಫಿ ಇಲ್ಲ. ಆ ಸರಣಿಯಲ್ಲಿ ಸಹಾಯಕಿಯಾಗಿದ್ದವರು ಪತ್ನಿ ನ್ಯಾನಿ ಡಾರ್ನೆಲ್.

ಬ್ರಿಟನ್ನಿನಲ್ಲಿ ಪಾಲ್ ಡೇನಿಯಲ್ಸ್ ಕಾರ್ಯಕ್ರಮ 1979ರಿಂದ 1994ರವರೆಗೆ ಬಿಬಿಸಿಯಲ್ಲಿ ಬಂತು. ಅವರ ಸಹಾಯಕಿ, ಮುಂದೆ ಪತ್ನಿಯಾದ ಡೆಬಿ ಮಗೀ ಬ್ಯಾಲೆ ಕಲಿತವರು. ಆದರೂ ಜನ ಅವರನ್ನು 'ಚೆಂದದ ಡೆಬಿ' ಅಂತಲೇ ನೆನಪಿಟ್ಟುಕೊಂಡರು. ದುಡ್ಡಿಗಾಗಿ ಮದುವೆಯಾದವಳು ಅನ್ನುವ ಜೋಕಿಗೆ ವಸ್ತು ಮಾಡಿದರು. ಪತಿ ತೀರಿಕೊಂಡ ಮರುವರ್ಷ, 2017ರಲ್ಲಿ, 59ರ ವಯಸ್ಸಿನಲ್ಲಿ ಅವರು ಬಿಬಿಸಿಯ ನೃತ್ಯ ಸ್ಪರ್ಧೆಯ ಫೈನಲ್ ತಲುಪಿದಾಗ ಅನೇಕರು ಹುಬ್ಬೇರಿಸಿದರು. ಆ ಮೈಯ ಹಿಡಿತ ಅಷ್ಟು ವರ್ಷ ಅವರ ಕಣ್ಣೆದುರೇ ಇತ್ತು.

ಮುಂದಿನ ಸಲ ಮೊಬೈಲಿನಲ್ಲಿ ಜಾದೂ ವಿಡಿಯೋ ಸಿಕ್ಕರೆ ಮ್ಯೂಟ್ ಮಾಡಿ, ಸಹಾಯಕರನ್ನಷ್ಟೇ ನೋಡಿ. ಗುಟ್ಟು ಗೊತ್ತಾಗದೇ ಹೋಗಬಹುದು. ದುಡಿಯುತ್ತಿರುವವರು ಯಾರು ಅನ್ನೋದಂತೂ ಗೊತ್ತಾಗುತ್ತೆ.