ಮೂರು ವರ್ಷದ ಗಂಟು

ಧಾರಾಪುರಂ, ಕಾಂಗೇಯಂ, ಉಡುಮಲೈ ಸುತ್ತಿನ ನೂಲಿನ ಗಿರಣಿಗಳ ಮಾಲೀಕರು ಹತ್ತಿಯ ಬೆಲೆಯ ಮಾತು ಮುಗಿದ ಮೇಲೆ ತೋಡಿಕೊಳ್ಳುವ ಕಷ್ಟ ಒಂದೇ: ಆಳು ನಿಲ್ಲುವುದಿಲ್ಲ. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಓಡುವ ಯಂತ್ರದ ಮುಂದೆ ನಿಂತು ತುಂಡಾದ ಎಳೆಯನ್ನು ಕ್ಷಣದಲ್ಲಿ ಕೂಡಿಸುವಷ್ಟು ಕೈ ಪಳಗಲು ತಿಂಗಳುಗಳು ಬೇಕು. ಪಳಗಿದ ಕೈ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೊರಟುಹೋದರೆ ಕಲಿಸಿದ ಖರ್ಚು ಗಿರಣಿಯ ತಲೆಗೆ ಬರುತ್ತದೆ. ಅದನ್ನು ತಪ್ಪಿಸಲು ಈ ಸೀಮೆಯ ಜವಳಿ ಉದ್ಯಮ ಎರಡು ಬಗೆಯ ಹಗ್ಗಗಳನ್ನು ಹೊಸೆಯಿತು. ಒಂದರಲ್ಲಿ ಹಣವನ್ನು ಮೊದಲೇ ಕೊಟ್ಟು ಕಟ್ಟುತ್ತಾರೆ. ಇನ್ನೊಂದರಲ್ಲಿ ಕೊನೆಯವರೆಗೆ ಕೊಡದೆ ಕಟ್ಟುತ್ತಾರೆ.

ಮೊದಲನೆಯದು ಮನೆಮಾತು ಕನ್ನಡವಾದ ನೇಕಾರ ಕುಟುಂಬಗಳಿಗೆ ಹೊಸದಲ್ಲ. ಪವರ್‌ಲೂಮ್ ಮಾಲೀಕನು ಕೊಡುವ ಆ ಮುಂಗಡಕ್ಕೆ ‘ಬಾಕಿ’ ಎಂದೇ ಹೆಸರು. ಅದು ತೀರುವವರೆಗೆ ಬೇರೊಬ್ಬನ ಮಗ್ಗ ಮುಟ್ಟುವಂತಿಲ್ಲ. ನಾಮಕ್ಕಲ್ ಜಿಲ್ಲೆಯ ಕುಮಾರಪಾಳಯದ ಮಗ್ಗಗಳನ್ನು ಅಭ್ಯಸಿಸಿ 1999ರಲ್ಲಿ ಬರೆದ ಮಾನವಶಾಸ್ತ್ರಜ್ಞ ಗೀರ್ಟ್ ಡಿ ನೇವ್ ಅವರಿಗೆ ಅಲ್ಲಿ ಕಂಡದ್ದು ಸ್ವಾರಸ್ಯಕರವಾಗಿದೆ. ಕಾರ್ಮಿಕರೇ ಬಾಕಿಯನ್ನು ಕೇಳಿ ಪಡೆಯುತ್ತಿದ್ದರು. ಇನ್ನೊಬ್ಬ ಮಾಲೀಕನ ಮುಂಗಡದಿಂದ ಹಳೆಯದನ್ನು ತೀರಿಸಿ ಹೊರಡುತ್ತಲೂ ಇದ್ದರು. ಕಟ್ಟಲೆಂದು ಕೊಟ್ಟ ಹಣವೇ ಬಿಡಿಸಿಕೊಳ್ಳುವ ಹಣವಾಯಿತು! ಹಾಗೆ ಹೊರಡಲಾಗದವನ ಪಾಡು ಬೇರೆ. ಸಾಲದ ಕಾರಣಕ್ಕೆ ಬೇರೆ ಕೆಲಸ ಹಿಡಿಯುವ ಅಥವಾ ಇಚ್ಛೆಬಂದಲ್ಲಿಗೆ ಹೋಗುವ ಸ್ವಾತಂತ್ರ್ಯವನ್ನು ಕಸಿದುಕೊಂಡರೆ ಅದು 1976ರ ಕಾಯಿದೆಯ ಪ್ರಕಾರ ಜೀತ; ಅಂಥ ಸಾಲವನ್ನು ತೀರಿಸುವ ಹೊಣೆಯೇ ಕಾನೂನಿನಲ್ಲಿ ಉಳಿಯುವುದಿಲ್ಲ.

ಎರಡನೆಯ ಹಗ್ಗದ ಹೆಸರು ಮಂಗಳಕರವಾದದ್ದು: ಸುಮಂಗಲಿ ಯೋಜನೆ. ಬಡ ಮನೆಯ ಹುಡುಗಿ ಮೂರು ವರ್ಷ ಗಿರಣಿಯ ಹಾಸ್ಟೆಲಿನಲ್ಲಿದ್ದು ದುಡಿಯಬೇಕು. ಮುಗಿದ ದಿನ ಮದುವೆಯ ಖರ್ಚಿಗೆಂದು ಒಂದು ಗಂಟು ಸಿಗುತ್ತದೆ. ಆ ಕಾಲದಲ್ಲಿ ಮೂವತ್ತು, ನಲವತ್ತು, ಐವತ್ತು ಸಾವಿರ ರೂಪಾಯಿಗಳ ಮಾತು ನಡೆಯುತ್ತಿತ್ತು. ವರದಕ್ಷಿಣೆಯನ್ನು 1961ರಲ್ಲೇ ನಿಷೇಧಿಸಿದ ದೇಶದಲ್ಲಿ ಅದೇ ಚಿಂತೆಯನ್ನು ಬಂಡವಾಳ ಮಾಡಿಕೊಂಡ ಜಾಣ್ಮೆ ಇದು. 2011ರಲ್ಲಿ ನೆದರ್‌ಲೆಂಡ್ಸ್‌ನ ಎರಡು ಸಂಸ್ಥೆಗಳು ವರದಿ ಪ್ರಕಟಿಸಿದ ಮೇಲೆ ಯುರೋಪಿನ ಉಡುಪು ಕಂಪನಿಗಳು ಪ್ರಶ್ನೆ ಕೇಳತೊಡಗಿದವು. ಹೆಸರು ಮರೆಯಾಗಬಹುದು, ಲೆಕ್ಕದ ರೀತಿಯನ್ನು ಮಾತ್ರ ಪ್ರತಿಯೊಬ್ಬ ತಾಯಿತಂದೆಯೂ ಅರಿತಿರಬೇಕು.

ಆ ಗಂಟು ಯಾರದು? ಬಹುಪಾಲು ಆ ಹುಡುಗಿಯದೇ. ತಿಂಗಳು ತಿಂಗಳು ಸಲ್ಲಬೇಕಾದ ಕೂಲಿಯಲ್ಲಿ ತಡೆಹಿಡಿದದ್ದನ್ನೇ ಕೊನೆಗೆ ಉಡುಗೊರೆಯೆಂದು ಕೊಡಲಾಗುತ್ತದೆ. ಮೂವತ್ತನಾಲ್ಕನೆಯ ತಿಂಗಳಲ್ಲಿ ಕಾಯಿಲೆಬಿದ್ದು ಮನೆಗೆ ಮರಳಿದರೆ ಅದೂ ಕೈತಪ್ಪಬಹುದು. ವೇತನದ ಅವಧಿ ಒಂದು ತಿಂಗಳನ್ನು ಮೀರಕೂಡದೆಂದು 1936ರಿಂದಲೂ ಕಾನೂನಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಮೂರು ವರ್ಷವೆಂಬ ಅವಧಿಯೂ ಮಾಲೀಕನಿಗೆ ಅನುಕೂಲವಾಗಿತ್ತು: ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕಿತ್ತು, ‘ಅಪ್ರೆಂಟಿಸ್’ ಎಂದು ಬರೆದುಕೊಂಡರೆ ಭವಿಷ್ಯನಿಧಿಯಿಂದಲೂ ನುಣುಚಿಕೊಳ್ಳಲು ದಾರಿಯಿತ್ತು.

ಹಾಗಾದರೆ ನೌಕರನನ್ನು ಒಪ್ಪಂದದಿಂದ ನಿಲ್ಲಿಸಿಕೊಳ್ಳುವುದೇ ತಪ್ಪೇ? ಅಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ತನ್ನ ಅಧಿಕಾರಿಗಳಿಗೆ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತು ಹಾಕಿತ್ತು. ಕರ್ನಾಟಕ ಹೈಕೋರ್ಟು ಅಧಿಕಾರಿಯ ಪರವಾಗಿ ತೀರ್ಪಿತ್ತರೂ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು. ಅಲ್ಲಿ ಸಂಬಳ ಪ್ರತಿ ತಿಂಗಳೂ ಪೂರ್ತಿ ಸಂದಿತ್ತು. ಬಿಡುವ ಬೆಲೆ ಮೊದಲೇ ಗೊತ್ತಿತ್ತು. ಬೇರೆ ಬ್ಯಾಂಕು ಸೇರಲು ಅಡ್ಡಿಯಿರಲಿಲ್ಲ. ಹಾಸ್ಟೆಲಿನ ಬಾಗಿಲು ಹಾಕಿ, ಫೋನು ಕಿತ್ತುಕೊಂಡು, ಕೂಲಿಯನ್ನು ಒತ್ತೆಯಿಟ್ಟುಕೊಳ್ಳುವವರು ಈ ತೀರ್ಪನ್ನು ತಮ್ಮ ಬೆಂಬಲಕ್ಕೆ ಉದ್ಧರಿಸುವಂತಿಲ್ಲ.

ಗಿರಣಿಗೂ ಹಗ್ಗದಿಂದ ದೊರೆತದ್ದು ಅಲ್ಪ. ಗಂಟು ಕೈಸೇರಿದ ದಿನವೇ ಹುಡುಗಿ ಊರಿಗೆ ಹೊರಡುತ್ತಾಳೆ. ಕೈ ಚೆನ್ನಾಗಿ ಪಳಗಿರುವುದು ಆಗಲೇ. ಒಡಿಶಾ, ಬಿಹಾರ, ಜಾರ್ಖಂಡುಗಳಿಂದ ಹೊಸಬರನ್ನು ಕರೆತಂದು ಮತ್ತೆ ಮೊದಲಿನಿಂದ ಕಲಿಸಬೇಕು. ಪೂರ್ತಿ ಕೂಲಿ, ಹಬ್ಬಕ್ಕೆ ರಜೆ, ಅನುಭವಕ್ಕೆ ತಕ್ಕ ಬಡ್ತಿ, ಮದುವೆಯಾದ ಮೇಲೂ ದುಡಿಯಲು ಅನುಕೂಲವಾಗುವಂತೆ ಮಗುವಿಗೊಂದು ಶಿಶುವಿಹಾರ ಇವಿಷ್ಟಿದ್ದರೆ ಐದನೆಯ ವರ್ಷಕ್ಕೂ ಅವಳು ಬರುತ್ತಾಳೆ ಎಂದು ನನ್ನ ಎಣಿಕೆ.

ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಯುತ್ತಲೇ ದಲ್ಲಾಳಿ ಮನೆಗೆ ಬಂದರೆ ‘ಕೊನೆಗೆ ಎಷ್ಟು’ ಎಂದು ಕೇಳಬೇಡಿ. ‘ಪ್ರತಿ ತಿಂಗಳು ಅವಳ ಹೆಸರಿನ ಬ್ಯಾಂಕ್ ಖಾತೆಗೆ ಎಷ್ಟು’ ಎಂದು ಕೇಳಿ. ನೇಮಕಾತಿ ಪತ್ರ, ಭವಿಷ್ಯನಿಧಿಯ ಸಂಖ್ಯೆ, ನಡುವೆ ಬಿಟ್ಟರೆ ಏನಾಗುತ್ತದೆಂಬ ಬರಹ, ಮೂರನ್ನೂ ಕೈಯಲ್ಲಿ ಪಡೆಯಿರಿ. ತಮಿಳಿನಲ್ಲಿರುವ ಕಾಗದವನ್ನು ಓದಿಸಿಕೊಳ್ಳದೆ ಸಹಿ ಹಾಕಬಾರದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಂತೆ, ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷ ತುಂಬಿದರೂ ಗ್ರಾಚ್ಯುಟಿ ಉಂಟು. ಕೂಲಿ ತಡೆದರೆ ತಿರುಪ್ಪೂರಿನ ಕಾರ್ಮಿಕ ಇಲಾಖೆಗೆ, ಮಗಳನ್ನೇ ತಡೆದರೆ ಜಿಲ್ಲಾಧಿಕಾರಿಗೆ ಅರ್ಜಿ ಬರೆಯಿರಿ. ಜೀತದ ಕಾಯಿದೆಯಡಿ ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗಿದೆ.