ಫೀನಿಕ್ಸ್ ವಸಾಹತು: ಆದರ್ಶ ಮತ್ತು ಭೌತಿಕ ಸಂಸ್ಕೃತಿ

ಒಂದು ಆದರ್ಶವನ್ನು ನಂಬಿ ಒಂದೆಡೆ ನೆಲೆಸಿದ ಸಣ್ಣ ಸಮುದಾಯಗಳ ಅಧ್ಯಯನವು ಸಾಮಾನ್ಯವಾಗಿ ಅವುಗಳ ಘೋಷಿತ ತತ್ತ್ವಗಳಿಂದ ಆರಂಭವಾಗುತ್ತದೆ. ಆದರೆ ಆ ತತ್ತ್ವಗಳು ಎಷ್ಟರ ಮಟ್ಟಿಗೆ ನೆಲಕ್ಕಿಳಿದವು ಎಂಬುದನ್ನು ಮನೆ, ಉಪಕರಣ, ದುಡಿಮೆಯ ಕ್ರಮಗಳು ಹೆಚ್ಚು ನಿಷ್ಠುರವಾಗಿ ತಿಳಿಸುತ್ತವೆ. ದಕ್ಷಿಣ ಆಫ್ರಿಕಾದ ಡರ್ಬನ್ ಸಮೀಪದ ಫೀನಿಕ್ಸ್ ವಸಾಹತು ಇದಕ್ಕೊಂದು ನಿದರ್ಶನ.

1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೊರಟ ಗಾಂಧೀಜಿಯವರು ರೈಲಿನಲ್ಲಿ ಜಾನ್ ರಸ್ಕಿನ್ನರ ‘ಅನ್‌ಟು ದಿಸ್ ಲಾಸ್ಟ್’ ಕೃತಿಯನ್ನು ಓದಿದರು. ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಬೆಲೆ ಒಂದೇ ಎಂಬ ತಿಳಿವನ್ನು ಅವರು ಅದರಿಂದ ಪಡೆದರು. ಅದೇ ವರ್ಷ 100 ಎಕರೆ ಭೂಮಿಯನ್ನು ಕೊಂಡು ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಮುದ್ರಣಾಲಯವನ್ನು ಅಲ್ಲಿಗೆ ಸಾಗಿಸಲಾಯಿತು. ವರ್ಣ, ದೇಶಗಳ ಭೇದವಿಲ್ಲದೆ ಎಲ್ಲರಿಗೂ ತಿಂಗಳಿಗೆ 3 ಪೌಂಡ್ ವೇತನ. ಉಳಿದ ವೇಳೆಯಲ್ಲಿ ಬೇಸಾಯ. ಇದು ಅಲ್ಲಿನ ಕಟ್ಟಳೆ.

ಬೇಸಾಯವೇ ಮೂಲವಾದ ಕಡೆ ಎಣ್ಣೆಯ ಎಂಜಿನ್ ಒಗ್ಗದೆಂಬುದು ಗಾಂಧೀಜಿಯವರ ಅನಿಸಿಕೆಯಾಗಿತ್ತು. ಆದರೂ ಎಂಜಿನ್ ಬಂತು. ಜೊತೆಗೆ ಕೈಯಿಂದ ತಿರುಗಿಸುವ ಚಕ್ರವೂ ಬಂತು. ಮೊದಲ ಸಂಚಿಕೆಯ ರಾತ್ರಿಯೇ ಎಂಜಿನ್ ಕೈಕೊಟ್ಟಿತು. ಚಕ್ರ ತಿರುಗಿಸಲು ನಾಲ್ವರು ಬೇಕು. ದಣಿದು ಮಲಗಿದ್ದ ಬಡಗಿಗಳನ್ನು ಎಬ್ಬಿಸಿ, ಸರದಿಯ ಮೇಲೆ ಬೆಳಗಿನವರೆಗೂ ಚಕ್ರ ತಿರುಗಿಸಲಾಯಿತು. ಮುಂದೆ ಕೆಲಕಾಲ ಎಂಜಿನ್ನನ್ನು ಬೇಕೆಂದೇ ಬಿಟ್ಟು ಕೈಬಲದಿಂದಲೇ ಮುದ್ರಿಸಿದರು. ಫೀನಿಕ್ಸಿನ ನೈತಿಕ ಉತ್ಕರ್ಷದ ಕಾಲವೆಂದು ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಗುರುತಿಸುವುದು ಈ ದಿನಗಳನ್ನೇ. ಆ ಕಾಲ ಶಾಶ್ವತವಾಗಿ ಉಳಿಯಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಮನೆಗಳ ವಿಷಯದಲ್ಲಿ ರಾಜಿ ಇನ್ನೂ ಬೇಗ ಆಯಿತು. ಹುಲ್ಲು ಹೊದಿಸಿದ ಮಣ್ಣಿನ ಗುಡಿಸಲುಗಳಲ್ಲಿ ರೈತರಂತೆ ಬಾಳಬೇಕೆಂಬುದು ಆಶಯ. ಅವಕ್ಕೆ ತಗಲುವ ವೆಚ್ಚ ಮತ್ತು ಸಮಯ ಹೆಚ್ಚೆಂದು ತಗಡಿನ ಮನೆಗಳನ್ನು ಕಟ್ಟಿಕೊಂಡರು. ಸ್ಥಾಪಕರಿಗೂ ಅಲ್ಲಿ ದೀರ್ಘಕಾಲ ನೆಲೆಸಲಾಗಲಿಲ್ಲ. ಜೋಹಾನ್ಸ್‌ಬರ್ಗಿನ ವಕೀಲಿ ಅವರನ್ನು ಮರಳಿ ಎಳೆಯಿತು. ಇವೆಲ್ಲಕ್ಕಿಂತ ಗಂಭೀರವಾದ ಮಿತಿ ಇನ್ನೊಂದಿದೆ. ಸಮಾನತೆಯ ಈ ವಸಾಹತಿನ ಸದಸ್ಯರು ಭಾರತೀಯರು ಮತ್ತು ಯುರೋಪಿಯನ್ನರು. ಸುತ್ತಲಿನ ಜುಲು ಜನರು ಆ ವೃತ್ತದ ಹೊರಗೇ ಉಳಿದರು. ಹೀಗಿರುವಾಗ ಗಾಂಧೀಜಿಯವರು 1914ರಲ್ಲಿ ದೇಶಬಿಟ್ಟದ್ದೊಂದೇ ಅವನತಿಗೆ ಕಾರಣವೆಂಬ ವಿವರಣೆ ಸಾಲದು.

ಅವರ ಮಗ ಮಣಿಲಾಲ್ ಗಾಂಧಿ 1956ರಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆಯನ್ನು ನಡೆಸಿದರು. 1961ರಲ್ಲಿ ಅದು ನಿಂತಿತು. 1985ರ ಆಗಸ್ಟ್‌ನಲ್ಲಿ ಇನಾಂಡಾ ಪ್ರದೇಶದ ಹಿಂಸಾಚಾರದಲ್ಲಿ ವಸಾಹತಿನ ಕಟ್ಟಡಗಳು ನಾಶವಾದವು. ಪುನರ್ನಿರ್ಮಾಣಗೊಂಡ ಗಾಂಧೀಜಿಯವರ ಮನೆ ‘ಸರ್ವೋದಯ’ 2000ದಲ್ಲಿ ಸ್ಮಾರಕವಾಗಿ ತೆರೆಯಿತು.

ಜಾನಪದ ಅಧ್ಯಯನಕ್ಕೆ ಸ್ಮಾರಕಕ್ಕಿಂತ ಮುಖ್ಯವಾದ ಸಾಕ್ಷ್ಯವೊಂದು ಅದರ ಬೇಲಿಯಾಚೆಗಿದೆ. ವಸಾಹತಿನ ಸುತ್ತ ಆಫ್ರಿಕನ್ನರ ಜನವಸತಿಯೊಂದು ಬೆಳೆಯಿತು. ಅದರ ಹೆಸರು ಭಂಬಾಯಿ. ‘ಬಾಂಬೆ’ ಎಂಬುದೇ ಜುಲು ನಾಲಿಗೆಯಲ್ಲಿ ಹೀಗಾಯಿತೆಂದು ಹೇಳುತ್ತಾರೆ. ವಸಾಹತು ಯಾರನ್ನು ಒಳಗೆ ಸೇರಿಸಿಕೊಳ್ಳಲಿಲ್ಲವೋ, ಆ ಜನರ ಮಾತಿನಲ್ಲಿ ಅದರ ನೆನಪು ಊರಿನ ಹೆಸರಾಗಿ ನಿಂತಿದೆ.